ಕಷ್ಟದ ಬಾಲ್ಯವು ಏಳಿಗೆಗೆ ಅವಶ್ಯವೋ?

ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆ ಸೀಮೆಗಳ ಹಳ್ಳಿಗಳಲ್ಲಿ ಹಿರಿಯರು ಮಕ್ಕಳಿಗೆ, "ನಾವು ಗಂಜಿನೀರು ಕುಡಿದು ಬೆಳೆದವರು, ನೀವೂ ಕಷ್ಟಪಟ್ಟರೆ ಮಾತ್ರ ಮನುಷ್ಯರಾಗುವಿರಿ" ಎಂದು ಹೇಳುವದುಂಟು. ಪ್ರಿಯ ವಾಚಕರೇ, ಈ ಮಾತು ನಿಜವೋ ಎಂದು ನಾವು ಮೂರು ದೃಷ್ಟಾಂತಗಳಿಂದ ವಿಚಾರಿಸೋಣ.

1. ಪಂಜೆ ಮಂಗೇಶರಾಯರು 1874ರಲ್ಲಿ ಬಂಟವಾಳದ ಒಂದು ಬಡ ಮನೆಯಲ್ಲಿ ಹುಟ್ಟಿದರು. ಓದುವ ಪ್ರಾಯದಲ್ಲಿಯೇ ತಂದೆಯು ತೀರಿಹೋದದರಿಂದ ಕುಟುಂಬದ ಭಾರವು ಅವರ ಹೆಗಲಿಗೆ ಬಿತ್ತು. ಅವರು ಪರರ ಮಕ್ಕಳಿಗೆ ಪಾಠ ಹೇಳುತ್ತಾ ತಾವೂ ಕಲಿತರು; ಉಪಾಧ್ಯಾಯರೂ ಶಾಲೆಗಳ ಇನ್‌ಸ್ಪೆಕ್ಟರರೂ ಆದರು; 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು.

2. ಬಂಟವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಶಾಲೆಯ ಮೆಟ್ಟಲು ಹತ್ತಿದವರಲ್ಲ. ಅಡಿಕೆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದ ಅವರಿಗೆ ಭೂಮಾಲಿಕರೊಬ್ಬರು ಎರಡು ಎಕ್ರೆ ಬೋಳು ಗುಡ್ಡವನ್ನು ಕೊಟ್ಟರು. ಅವರು ಕೂಲಿ ಮುಗಿಸಿ ಒಬ್ಬರೇ ಸುರಂಗ ಕೊರೆದರು. ಒಂದರ ಮೇಲೊಂದು ಸುರಂಗವು ವ್ಯರ್ಥವಾದರೂ ಬಿಡದೆ ಕೊರೆದು ನೀರು ಕಂಡು, ತೋಟವನ್ನೆಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ದೊರಕಿತು.

3. ಫೆರ್ಡಿನಂಡ್ ಕಿಟ್ಟೆಲರು 1832ರಲ್ಲಿ ಜರ್ಮನಿಯಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿ, ವಿದ್ಯೆಯುಳ್ಳ ಮನೆಯಲ್ಲಿ ಬೆಳೆದರು. ಆದರೂ ಸುಮಾರು 70,000 ಶಬ್ದಗಳುಳ್ಳ ಅವರ ಕನ್ನಡ ಕೋಶವು ಬಹು ವರುಷಗಳ ದುಡಿಮೆಯಿಂದ 1894ರಲ್ಲಿ ಮಂಗಳೂರಲ್ಲಿ ಅಚ್ಚಾಯಿತು.

ಇದರಿಂದ ಏನು ತಿಳಿಯುತ್ತದೆ? ಕಿಟ್ಟೆಲರ ದೃಷ್ಟಾಂತದಿಂದ, ಬಾಲ್ಯದ ಬಡತನವಿಲ್ಲದೆಯೂ ಶ್ರಮಶೀಲತೆಯು ಬರುವದೆಂದು ಕಾಣುತ್ತದೆ. ಉಳಿದ ಇಬ್ಬರನ್ನು ಬಡತನವೊಂದೇ ಎತ್ತಲಿಲ್ಲ. ಒಬ್ಬರಿಗೆ ವಿದ್ಯೆಯು, ಮತ್ತೊಬ್ಬರಿಗೆ ಭೂಮಿಯು ಆಧಾರವಾಯಿತು. ಅಂಥ ಆಧಾರ ಸಿಕ್ಕದೆ ಅದೇ ಕಷ್ಟದಲ್ಲಿ ಕುಗ್ಗಿಹೋದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ಕಷ್ಟವನ್ನು ಹೊಗಳುವದು, ನೆರೆಯಲ್ಲಿ ಈಜಿ ದಡ ಸೇರಿದವನನ್ನು ನೋಡಿ ನೆರೆಯನ್ನು ಹೊಗಳಿದಂತೆಯೇ.

ಪಂಜೆಯವರು ತಾವು ಉಂಡ ಕಹಿಯನ್ನು ಮಕ್ಕಳಿಗೆ ಉಣಿಸಲಿಲ್ಲ. ಹಾಡನ್ನೂ ಕಥೆಯನ್ನೂ ಬರೆದು ಪಾಠವನ್ನು ಸವಿಮಾಡಿದರು. ನಾವೂ ಹಾಗೆಯೇ ಮಾಡತಕ್ಕದ್ದು. ಮನೆಯ ಕೆಲಸದಲ್ಲಿ ಮಕ್ಕಳು ಕೈಕೂಡಿಸುವದು ಒಳ್ಳೇದು. ಆದರೆ ಬೀಡಿಯ ಸೂಪಿನ ಮುಂದೆ ಕೂರಿಸಿ ಶಾಲೆ ಬಿಡಿಸುವದು ಶಿಕ್ಷಣವಲ್ಲ, ನಷ್ಟವೇ. 6ರಿಂದ 14 ವರುಷದ ಮಕ್ಕಳಿಗೆ ಉಚಿತ ವಿದ್ಯೆಯನ್ನು 2009ರ ಕಾಯಿದೆಯು ಹಕ್ಕಾಗಿ ಕೊಟ್ಟಿದೆ. ಕಷ್ಟವು ಕರೆಯದೆಯೂ ಬರುವದು; ಅದು ಬರುವಾಗ ಹಿಡಿದುಕೊಳ್ಳಲು ಆಧಾರವೊಂದನ್ನು ಮಕ್ಕಳಿಗೆ ಕೊಡುವದೇ ಹೆತ್ತವರ ಕೆಲಸ.