ಜೋಮಾಲೆ ಹಾಕುವ ಮುನ್ನ ಒಂದು ಗುಟುಕು ನೀರು

ಮದುವೆಗೆ ಹೊರಡುವ ದಿನ ನೀವು ಕನ್ನಡಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತೀರಿ ಎಂಬುದು ನನಗೆ ಗೊತ್ತು. ಸೀರೆಯ ನೆರಿಗೆ ಹಿಂದೆ ಸರಿಯಾಗಿ ಕೂತಿತೇ, ಜೋಮಾಲೆ ಓರೆಯಾಯಿತೇ, ಕೊಕ್ಕೆತಾತಿ ನಡುವಿಗೆ ಬಂತೇ ಎಂದು ಹತ್ತು ಸಲ ನೋಡುತ್ತೀರಿ. ಇಷ್ಟೆಲ್ಲ ಒಡವೆ ಹೊರುವ ಕೊರಳನ್ನು ಮಾತ್ರ ಒಮ್ಮೆಯೂ ನೋಡುವುದಿಲ್ಲ. ನಾನೂ ನಿಮ್ಮ ಹಾಗೆಯೇ ಇದ್ದವಳು. ನನ್ನ ಕತ್ತಿನ ಗಂಟನ್ನು ಮೊದಲು ಕಂಡದ್ದು ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ನಾದಿನಿ. "ಅತ್ತಿಗೆ, ನುಂಗುವಾಗ ನಿಮ್ಮ ಕತ್ತಲ್ಲಿ ಏನೋ ಮೇಲೆ ಹೋಗಿ ಕೆಳಗೆ ಬರ್ತದಲ್ಲ" ಅಂದಳು. ಅವತ್ತಿನ ಊಟ ಅಲ್ಲಿಗೇ ನಿಂತಿತು.

ಮೊದಲ ಕೆಲಸ ಇದು, ಕೇಳಿ. ಒಡವೆ ಹಾಕುವ ಮೊದಲು ಬೆಳಕಿಗೆ ಮುಖಮಾಡಿ, ಗದ್ದ ತುಸು ಮೇಲೆತ್ತಿ, ಒಂದು ಗುಟುಕು ನೀರು ನುಂಗಿ. ಗಂಟಲಮಣಿಯ ಕೆಳಗೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಥೈರಾಯ್ಡ್ ಗ್ರಂಥಿ ಇರುತ್ತದೆ. ಅದರಲ್ಲಿ ಗಂಟಿದ್ದರೆ ನುಂಗುವಾಗ ಜೊತೆಗೇ ಏರಿ ಇಳಿಯುತ್ತದೆ. ಕಂಡರೆ ಸೆರಗು ಮುಚ್ಚಿ ಸುಮ್ಮನಾಗಬೇಡಿ. ಕಂಡಿತೆಂದು ಗೋಳಾಡಲೂ ಬೇಡಿ. 100 ಗಂಟುಗಳಲ್ಲಿ 90ರ ಆಸುಪಾಸು ಕ್ಯಾನ್ಸರ್ ಅಲ್ಲ.

ಕತ್ತಿನ ಬಾವು ನಮ್ಮ ಕೊಡಗಿನಂಥ ಮಳೆಯ ನಾಡಿಗೆ ಹೊಸದೇನಲ್ಲ. ಗುಡ್ಡದ ಮೇಲೆ ಸುರಿಯುವ ಮಳೆ ಮಣ್ಣಿನ ಅಯೋಡಿನ್ ಅನ್ನು ತೊಳೆದು ಹೊಳೆಗೆ ಹಾಕುತ್ತದೆ. ಗಳಗಂಡ ತಡೆಯುವ ಕಾರ್ಯಕ್ರಮವನ್ನು ಸರ್ಕಾರ 1962ರಲ್ಲೇ ಆರಂಭಿಸಿದ್ದು ಇಂಥ ಕಾರಣಕ್ಕೆ. ಆದ್ದರಿಂದ ಅಯೋಡಿನ್ ಇರುವ ಉಪ್ಪನ್ನೇ ತನ್ನಿ, ಒಲೆಯ ಪಕ್ಕ ಡಬ್ಬಿ ತೆರೆದಿಡುವ ಚಟ ಬಿಡಿ. ಆದರೆ ಗಂಟು ಬಂದ ಮೇಲೆ ಕರಗಲಿ ಎಂದು ಅಯೋಡಿನ್ ಮಾತ್ರೆ, ಟಾನಿಕ್ ನುಂಗಬೇಡಿ. ಅತಿಯಾದರೆ ಅಮೃತವೂ ವಿಷ. ಎಣ್ಣೆ ಹಚ್ಚಿ ತಿಕ್ಕುವುದು, ಸೊಪ್ಪು ಅರೆದು ಕಟ್ಟುವುದು ಎಲ್ಲ ಕಾಲ ಕಳೆಯುವ ಕೆಲಸ.

ಮತ್ತೇನು ಮಾಡಬೇಕು? ವೈದ್ಯರಿಗೆ ಕತ್ತು ತೋರಿಸಿ, ರಕ್ತದಲ್ಲಿ ಟಿಎಸ್‌ಎಚ್ ನೋಡಿಸಿ, ಕತ್ತಿನ ಅಲ್ಟ್ರಾಸೌಂಡ್ ಮಾಡಿಸಿ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿ ವಿಚಾರಿಸದೆ ಮೈಸೂರಿನ ಬಸ್ಸು ಹತ್ತಬೇಡಿ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಮೊದಲೇ ಹೇಳಿ, ರಕ್ತಪರೀಕ್ಷೆಯ ಲೆಕ್ಕ ತಪ್ಪಿಸುವ ಮಾತ್ರೆ ಅದು. ಇನ್ನೊಂದು ತಪ್ಪು ತಿಳಿವಳಿಕೆ: "ಟಿಎಸ್‌ಎಚ್ ನಾರ್ಮಲ್ ಬಂತು, ಇನ್ನೇನೂ ಇಲ್ಲ" ಎಂದು ಎದ್ದು ಬರುತ್ತೀರಿ. ಟಿಎಸ್‌ಎಚ್ ಗ್ರಂಥಿಯ ಕೆಲಸ ಹೇಳುತ್ತದೆ, ಗಂಟಿನ ಗುಣ ಹೇಳುವುದಿಲ್ಲ.

ಸ್ಕ್ಯಾನಿಂಗ್ ಎಂದರೆ ಬೆದರುವುದೇಕೆ? ಇದಕ್ಕೆ ಉಪವಾಸ ಬೇಡ, ಹೊಟ್ಟೆ ತುಂಬ ನೀರು ಕುಡಿದು ಕಾಯುವುದೂ ಬೇಡ. ಸರ ತೆಗೆದು, ಕತ್ತು ಹಿಂದಕ್ಕೆ ಬಾಗಿಸಿ ಮಲಗಿದರೆ ತಣ್ಣಗೆ ಜೆಲ್ ಹಚ್ಚಿ ಪ್ರೋಬ್ ಆಡಿಸುತ್ತಾರೆ. ಅದು ಶಬ್ದದ ಅಲೆ, ಎಕ್ಸ್-ರೇ ಅಲ್ಲ. ಬಸುರಿಯರಿಗೂ ತೊಂದರೆಯಿಲ್ಲ.

ಅಲ್ಲಿ ವೈದ್ಯರು ಐದು ಸಂಗತಿ ನೋಡುತ್ತಾರೆ. ಒಂದು, ಗಂಟಿನೊಳಗೆ ಏನಿದೆ? ಬರೀ ನೀರಿದ್ದರೆ, ಇಲ್ಲವೇ ಸ್ಪಂಜಿನಂತೆ ತೂತು ತೂತಾಗಿದ್ದರೆ ನಿಶ್ಚಿಂತೆ. ಗಟ್ಟಿಯಾಗಿದ್ದರೆ ಅಂಕ ಏರುತ್ತದೆ. ಎರಡು, ಬಣ್ಣ. ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಂಡಷ್ಟೂ ಅನುಮಾನ ಹೆಚ್ಚು. ಮೂರು, ಆಕಾರ. ಕಣದಲ್ಲಿ ಹರಡಿದ ಕಾಫಿ ಬೀಜದಂತೆ ಅಡ್ಡ ಮಲಗಿದ್ದರೆ ಒಳ್ಳೆಯದು. ಅಗಲಕ್ಕಿಂತ ಎತ್ತರ ಹೆಚ್ಚಾಗಿ ನೆಟ್ಟಗೆ ನಿಂತಿದ್ದರೆ ಎಚ್ಚರ. ನಾಲ್ಕು, ಅಂಚು. ನುಣುಪಾಗಿದೆಯೇ, ಇಲ್ಲ ಅಂಕುಡೊಂಕಾಗಿದೆಯೇ, ಗ್ರಂಥಿಯ ಗಡಿ ದಾಟಿ ಹೊರಗೆ ಚಾಚಿದೆಯೇ? ಐದು, ಒಳಗೆ ರವೆಯಷ್ಟು ಸಣ್ಣ ಬಿಳಿ ಚುಕ್ಕೆಗಳಿವೆಯೇ? ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸಿ ಟಿಆರ್1ರಿಂದ ಟಿಆರ್5ರವರೆಗೆ ದರ್ಜೆ ಹಾಕುತ್ತಾರೆ. 2017ರಲ್ಲಿ ಅಮೆರಿಕದ ರೇಡಿಯಾಲಜಿ ತಜ್ಞರು ಮಾಡಿದ ಈ ಲೆಕ್ಕಕ್ಕೆ ಟೈರ್ಯಾಡ್ಸ್ ಎಂದು ಹೆಸರು. ಪಕ್ಕದ ಲಿಂಫ್ ಗ್ರಂಥಿಗಳನ್ನೂ ನೋಡಿದ್ದಾರೆಯೇ ಎಂದು ನೀವೇ ಬಾಯಿ ಬಿಟ್ಟು ಕೇಳಿ.

ರಿಪೋರ್ಟು ಕೈಗೆ ಬಂದ ಕೂಡಲೇ ಕೊನೆಯ ಸಾಲು ಮಾತ್ರ ಓದಿ ಕಣ್ಣೀರು ಹಾಕಬೇಡಿ. ದರ್ಜೆ ಮತ್ತು ಗಾತ್ರ ಎರಡನ್ನೂ ಒಟ್ಟಿಗೆ ಓದಬೇಕು. ಟಿಆರ್1, ಟಿಆರ್2 ಆದರೆ ಸೂಜಿ ಬೇಡ. ಟಿಆರ್3 ಆದರೆ 2.5 ಸೆಂ.ಮೀ. ಮುಟ್ಟಿದಾಗ, ಟಿಆರ್4 ಆದರೆ 1.5 ಸೆಂ.ಮೀ.ಗೆ, ಟಿಆರ್5 ಆದರೆ 1 ಸೆಂ.ಮೀ.ಗೇ ಎಫ್‌ಎನ್‌ಎಸಿ, ಅಂದರೆ ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ನೋಡುವ ಪರೀಕ್ಷೆ, ಮಾಡಿಸಲು ಹೇಳುತ್ತಾರೆ. ಅಂದರೆ ದೊಡ್ಡ ನೀರುಗಂಟು ಸಾಧುವಾಗಿರಬಹುದು, ಚಿಕ್ಕ ಗಟ್ಟಿಗಂಟು ತಂಟೆಕೋರನಾಗಿರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ, ದೊಡ್ಡದೆಲ್ಲ ಕೆಟ್ಟದ್ದಲ್ಲ.

ಸ್ಕ್ಯಾನಿಂಗ್ ತೀರ್ಪು ಕೊಡುವುದಿಲ್ಲ ಎಂಬುದನ್ನೂ ತಿಳಿದಿರಿ. ಯಾವ ಗಂಟನ್ನು ಬಿಡಬೇಕು, ಯಾವುದನ್ನು ಕಾಯಬೇಕು, ಯಾವುದಕ್ಕೆ ಸೂಜಿ ಹಾಕಬೇಕು ಎಂದು ವಿಂಗಡಿಸಿ ಕೊಡುವುದಷ್ಟೇ ಅದರ ಕೆಲಸ. ಕಾಫಿ ಗ್ರೇಡ್ ಮಾಡಿದ ಹಾಗೆ. ಕುಡಿದು ನೋಡುವುದು ಆಮೇಲಿನ ಮಾತು. ಎಫ್‌ಎನ್‌ಎಸಿಗೆ ಹಾಕುವುದು ರಕ್ತ ತೆಗೆಯುವುದಕ್ಕಿಂತಲೂ ತೆಳುವಾದ ಸೂಜಿ. "ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ" ಎಂಬ ಸಂತೆಮಾತು ನಂಬಿ ಓಡಿಬರಬೇಡಿ. ಕೆಲವು ಗಂಟುಗಳ ಗುಣ ಸೂಜಿಗೂ ಸಿಗುವುದಿಲ್ಲ, ತೆಗೆದು ಪರೀಕ್ಷಿಸಿದ ಮೇಲೆಯೇ ತಿಳಿಯುವುದು. ಕ್ಯಾನ್ಸರ್ ಎಂದೇ ಬಂದರೂ ಎದೆಗುಂದಬೇಡಿ. ಹೆಚ್ಚಾಗಿ ಬರುವ ಪ್ಯಾಪಿಲರಿ ಬಗೆ ನಿಧಾನ ಬೆಳೆಯುವಂಥದ್ದು, ಚಿಕಿತ್ಸೆಗೆ ಬಗ್ಗುವಂಥದ್ದು.

ಇನ್ನು ಅತಿಜಾಣರಿಗೆ ಒಂದು ಮಾತು. ಪಕ್ಕದ ಮನೆಯವರಿಗೆ ಗಂಟು ಸಿಕ್ಕಿತೆಂದು ಮನೆಮಂದಿಯನ್ನೆಲ್ಲ ಜೀಪಿಗೆ ತುಂಬಿಕೊಂಡು ಸ್ಕ್ಯಾನಿಂಗ್‌ಗೆ ಹೋಗಬೇಡಿ. ದಕ್ಷಿಣ ಕೊರಿಯಾದವರು ಹಾಗೆ ಮಾಡಿ ನೋಡಿದ್ದಾರೆ. ಏನೂ ತೊಂದರೆ ಇಲ್ಲದವರ ಕತ್ತನ್ನೂ ಸ್ಕ್ಯಾನ್ ಮಾಡುತ್ತ ಹೋಗಿ, 1993ಕ್ಕೆ ಹೋಲಿಸಿದರೆ 2011ರಲ್ಲಿ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು. ಸಾಯುವವರ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಎಂದೂ ಕಾಡದೆ ಇರಬಹುದಾಗಿದ್ದ ಚುಕ್ಕೆಗಳಿಗಾಗಿ ಎಷ್ಟೋ ಜನ ಗ್ರಂಥಿಯನ್ನೇ ತೆಗೆಸಿಕೊಂಡು ದಿನವೂ ಮಾತ್ರೆ ನುಂಗುವಂತಾಯಿತು. ನೆಗಡಿ ಬಂತೆಂದು ಮೂಗು ಕೊಯ್ಸಿಕೊಂಡ ಹಾಗೆ.

ತಡಮಾಡಬಾರದವರು ಬೇರೆ. ಗಂಟು ಕಲ್ಲಿನಂತೆ ಗಟ್ಟಿಯಾಗಿದ್ದರೆ, ಕೆಲವೇ ವಾರಗಳಲ್ಲಿ ಬೆಳೆದಿದ್ದರೆ, ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ, ನುಂಗಲು ಉಸಿರಾಡಲು ಕಷ್ಟವಾದರೆ, ಕತ್ತಿನ ಪಕ್ಕದಲ್ಲೂ ಗಡ್ಡೆ ಸಿಕ್ಕಿದರೆ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ, ಚಿಕ್ಕಂದಿನಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ ಆಗಿದ್ದರೆ "ಕಾಫಿ ಕುಯ್ಲು ಮುಗಿಯಲಿ, ಮೆಣಸು ಇಳಿಸಿ ಆಗಲಿ" ಎಂದು ಕೂರಬೇಡಿ. ತೋಟ ಎಲ್ಲಿಗೂ ಓಡಿಹೋಗುವುದಿಲ್ಲ.

ಕೊನೆಯದಾಗಿ ನಿಮ್ಮ ಮಹಾ ದುರಭ್ಯಾಸ. ಹಳೆಯ ರಿಪೋರ್ಟನ್ನು ಎಲ್ಲೋ ತುರುಕಿ, ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿಸಿ, ಆಮೇಲೆ ವೈದ್ಯರ ಮುಂದೆ "ಹೋದ ಸಲ ಇಷ್ಟೇ ಇತ್ತು ಡಾಕ್ಟ್ರೇ" ಎಂದು ಬೆರಳ ತುದಿ ತೋರಿಸುತ್ತೀರಿ. ಬೆರಳಿನ ಅಳತೆಗೆ ಬೆಲೆಯಿಲ್ಲ. ಗಂಟು ಬೆಳೆಯಿತೋ ಇಲ್ಲವೋ ಎಂದು ತಿಳಿಯುವುದು ಹಳೆಯ ಕಾಗದವನ್ನು ಹೊಸದರ ಪಕ್ಕ ಇಟ್ಟಾಗ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ, ಫೋನಿನಲ್ಲಿ ಫೋಟೋ ತೆಗೆದು ಮಕ್ಕಳಿಗೂ ಕಳಿಸಿ. ಮರುಪರೀಕ್ಷೆಯನ್ನು ಮಳೆ ಸುರಿಯುವ ಆಟಿ ತಿಂಗಳಿಗೆ ಇಟ್ಟುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಗಳು ಮುಚ್ಚಿದ್ದನ್ನು ಕೊಡಗಿನವರಿಗೆ ನಾನು ನೆನಪಿಸಬೇಕೇ?

ನನ್ನ ಗಂಟು ಟಿಆರ್3, 1.8 ಸೆಂ.ಮೀ. "ಸೂಜಿ ಬೇಡ, ವರ್ಷ ಕಳೆದು ಬನ್ನಿ" ಎಂದಿದ್ದರು. ಹೋದೆ, ಅಷ್ಟೇ ಇತ್ತು. ಮತ್ತೆ ಎರಡು ವರ್ಷಕ್ಕೆ ಬರಲು ಹೇಳಿದ್ದಾರೆ; ಹುತ್ತರಿಯ ಮಾರನೇ ವಾರವೆಂದು ಕ್ಯಾಲೆಂಡರಿನಲ್ಲಿ ಬರೆದುಕೊಂಡಿದ್ದೇನೆ. ಅಲ್ಲಿಯವರೆಗೆ ಅದೂ ನನ್ನ ಕೊರಳಲ್ಲಿದೆ, ಜೋಮಾಲೆಯೂ ಇದೆ. ಎರಡಕ್ಕೂ ಜಗಳವಿಲ್ಲ. ನೀವೂ ಮುಂದಿನ ಮದುವೆಗೆ ಹೊರಡುವಾಗ ಒಡವೆ ಪೆಟ್ಟಿಗೆ ತೆಗೆಯುವ ಮೊದಲು ಲೋಟ ತೆಗೆಯಿರಿ.