ಕಂಸಾಳೆ ಮೇಳ: ಕಂಚಿನ ನಾದದಲ್ಲಿ ಉಳಿದ ಮಹಾಕಾವ್ಯ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಕನ್ನಡ ನಾಡಿನ ಅಂಚಿಗೆ ಇರುವ ಊರು ಪುಣಜನೂರು. ಅದರ ಸುತ್ತಣ ಕಾಡಿನ ಪೋಡುಗಳಲ್ಲಿ ಸೋಲಿಗರು ನೆಲೆಸಿದ್ದಾರೆ. ಅಲ್ಲಿಂದ ಈಶಾನ್ಯಕ್ಕೆ, ಇಂದಿನ ಹನೂರು ತಾಲ್ಲೂಕಿನಲ್ಲಿ, ಎಪ್ಪತ್ತೇಳು ಮಲೆಗಳ ಒಡೆಯನೆಂದು ಜನಪದರು ಕೊಂಡಾಡುವ ಮಲೆಯ ಮಹದೇಶ್ವರರ ನೆಲೆಯಿದೆ. ಈ ಮಹಾಮಹಿಮರ ಚರಿತೆಯನ್ನು ಓಲೆಗರಿಗಿಂತ ಹೆಚ್ಚಾಗಿ ಕಾಪಾಡಿದುದು ಹಾಡುಗಾರರ ಕಂಠ. ಆ ಕಂಠಕ್ಕೆ ಒತ್ತಾಸೆಯಾದುದು ಕಂಸಾಳೆ.

ಕಂಸಾಳೆಯೆಂದರೆ ಕಂಚಿನ ತಾಳ. ತಾಮ್ರ ಮತ್ತು ತವರಗಳು ಬೆರೆತ ಲೋಹವಾದುದರಿಂದ ಅದರ ನಾದ ಗಟ್ಟಿಯಾಗಿಯೂ ದೀರ್ಘವಾಗಿಯೂ ಇರುತ್ತದೆ. ಬಟ್ಟಲಿನಾಕಾರದ ತಾಳವನ್ನು ಎಡಗೈಯಲ್ಲಿ ಹಿಡಿದು, ದಾರ ಕಟ್ಟಿದ ಚಪ್ಪಟೆ ತಾಳವನ್ನು ಬಲಗೈಯಿಂದ ಅದಕ್ಕೆ ತಾಡಿಸುತ್ತಾರೆ. ಇದನ್ನು ನುಡಿಸುವವರು ಮಹದೇಶ್ವರರಿಗೆ ಒಕ್ಕಲಾಗಿ ದೀಕ್ಷೆ ಪಡೆದ ದೇವರಗುಡ್ಡರು. ಬೆಟ್ಟದ ಪೂಜೆ ಬೇಡಗಂಪಣ ಲಿಂಗಾಯತರದು. ಹಾಡುವ ಗುಡ್ಡರಾದರೋ ಹಲವು ಸಮುದಾಯಗಳಿಂದ ಬಂದವರು. ಭಕ್ತಿಯೊಂದೇ ಅವರನ್ನು ಒಂದು ಮೇಳವಾಗಿಸಿದ ಬಂಧ.

ಮೇಳದ ಕಲೆಗೆ ಎರಡು ಮುಖಗಳುಂಟು. ಮೊದಲನೆಯದು ಕುಳಿತು ಹಾಡುವ ಕಥೆ. ಮುಮ್ಮೇಳದವನು ಒಂದು ಸೊಲ್ಲನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಹಿಡಿದು ಮುಂದುವರಿಸುತ್ತಾರೆ. ದಮ್ಮಡಿ ಮತ್ತು ಏಕತಾರಿ ಜೊತೆಗೂಡುತ್ತವೆ. ಹಾಡಿನ ನಡುನಡುವೆ ಗದ್ಯದ ನುಡಿಗಳು ಬಂದು ಕಥೆಯನ್ನು ಮುನ್ನಡೆಸುತ್ತವೆ. ಎರಡನೆಯದು ಬೀಸು ಕಂಸಾಳೆ. ಇಲ್ಲಿ ಕಲಾವಿದರು ವೃತ್ತಾಕಾರವಾಗಿ ಕುಣಿಯುತ್ತ, ತಾಳವನ್ನು ಬೀಸಿ, ಪಕ್ಕದವನ ತಾಳಕ್ಕೂ ತಾಗಿಸುತ್ತಾರೆ. ಒಬ್ಬನ ಲಯ ತಪ್ಪಿದರೆ ಇಡೀ ಮೇಳವೇ ತಪ್ಪುತ್ತದೆ.

ಕಾವ್ಯದ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು. ಶ್ರವಣನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಮೊದಲಾದವು ಪ್ರಸಿದ್ಧವಾಗಿವೆ. ಬಾಲಕ ಮಹದೇಶ್ವರರು ಸುತ್ತೂರು ಮಠದಲ್ಲಿ ರಾಗಿ ಬೀಸಿದರೆಂದು ಕಾವ್ಯ ಹೇಳುತ್ತದೆ; ದಾಸೋಹದ ಕಾಯಕವೇ ಮಹಿಮೆಯ ಮೊದಲ ಮೆಟ್ಟಿಲೆಂಬ ಭಾವ ಅಲ್ಲಿದೆ. ಸಂಕಮ್ಮನ ಸಾಲಂತೂ ಕೇಳುಗರ ಕಣ್ಣನ್ನು ತೇವಗೊಳಿಸುವಂಥದು. ಸೋಲಿಗರ ನೀಲೇಗೌಡನು ಕಾಡಿಗೆ ಹೋಗುವ ಮುನ್ನ ತನ್ನ ಮಡದಿಯ ಶೀಲವನ್ನು ಶಂಕಿಸಿ, ಭಾಷೆ ಕೊಡೆಂದು ಹಿಂಸಿಸುತ್ತಾನೆ. ಆಕೆ ಬಾಗುವುದಿಲ್ಲ. ಜಂಗಮರೂಪದಲ್ಲಿ ಬಂದ ಮಹದೇಶ್ವರರು ಆ ನೊಂದ ಹೆಣ್ಣಿಗೆ ಒಲಿಯುತ್ತಾರೆ. ಅರಸರ ಚರಿತ್ರೆಯಲ್ಲಿ ಎಡೆ ದೊರೆಯದ ಕಾಡಿನ ಒಬ್ಬ ಹೆಣ್ಣುಮಗಳು ಇಲ್ಲಿ ಕಾವ್ಯನಾಯಕಿಯಾಗಿದ್ದಾಳೆ.

ವಿದ್ವಾಂಸರು ಈ ಕಾವ್ಯವನ್ನು ಬರಹಕ್ಕಿಳಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಪಿ. ಕೆ. ರಾಜಶೇಖರ ಅವರ ಸಂಗ್ರಹ 1973ರಲ್ಲಿ ಬೆಳಕು ಕಂಡಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು 1997ರಲ್ಲಿ ಪ್ರಕಟಿಸಿತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷ. ಮುಂದೆ ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರು ಈ ಪಾಠವನ್ನು ಇಂಗ್ಲಿಷಿಗೆ ತಂದರು. ಹೀಗೆ ಒಂದು ಹಳ್ಳಿಯ ಮೇಳದ ದನಿ ದೂರದೇಶದ ಓದುಗರನ್ನೂ ಮುಟ್ಟಿತು.

ಇಂದು ಬೀಸು ಕಂಸಾಳೆಯು ಮೆರವಣಿಗೆಗಳಲ್ಲಿಯೂ ಶಾಲಾ ವೇದಿಕೆಗಳಲ್ಲಿಯೂ ವಿಜೃಂಭಿಸುತ್ತಿದೆ. ಇದು ಸಂತೋಷದ ಸಂಗತಿಯೇ. ಆದರೆ ಹತ್ತು ನಿಮಿಷದ ಕುಣಿತಕ್ಕೆ ಚಪ್ಪಾಳೆ ದೊರೆಯುವಾಗ, ರಾತ್ರಿಯೆಲ್ಲ ಹಾಡಬೇಕಾದ ಸಾಲುಗಳಿಗೆ ಕೇಳುಗರು ವಿರಳವಾಗುತ್ತಿದ್ದಾರೆ. ಕುಣಿತವನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಕಥೆಯನ್ನಾದರೋ ಗುರುವಿನ ಬಳಿ ವರ್ಷಗಟ್ಟಲೆ ಕುಳಿತೇ ಕಲಿಯಬೇಕು. ಪುಸ್ತಕದಲ್ಲಿ ಪದಗಳು ಉಳಿದಾವು. ಸೊಲ್ಲನ್ನು ಎತ್ತುವ ಬಗೆ, ತಡೆದು ನಿಲ್ಲಿಸುವ ಬಗೆ ಉಳಿಯಲಾರದು.

ಆದುದರಿಂದ ತಾಳ ಹಿಡಿಯಲು ಕಲಿಯುವ ವಿದ್ಯಾರ್ಥಿಯು ಒಂದು ಸಾಲನ್ನಾದರೂ ಹಿರಿಯರಿಂದ ಕೇಳಿ ಕಲಿಯುವುದು ಲೇಸು. ಕಥೆಯಿಲ್ಲದ ಕಂಸಾಳೆ ಬರಿಯ ಕಂಚು; ಕಥೆ ಕೂಡಿದಾಗಲೇ ಅದು ನಾಡಿನ ನುಡಿ.