ಚೌಕಟ್ಟಿನೊಳಗೆ ತೆರೆಯದ ಜಾಲತಾಣ: ವರ್ತಕರು ತಿಳಿದಿರಬೇಕಾದ ಅಂಶಗಳು

ಬ್ಯಾಂಕ್ ವ್ಯವಹಾರ, ತೆರಿಗೆ ರಿಟರ್ನ್ ಸಲ್ಲಿಕೆ, ಸರಕಿನ ಆರ್ಡರ್ ಮುಂತಾದವು ಇಂದು ಬಹುಮಟ್ಟಿಗೆ ಅಂತರಜಾಲದ ಮೂಲಕವೇ ನಡೆಯುತ್ತಿವೆ. ಒಂದು ಜಾಲತಾಣದ ಪುಟದೊಳಗೆ ಮತ್ತೊಂದು ತಾಣದ ಪುಟವನ್ನು ತೋರಿಸುವ ವ್ಯವಸ್ಥೆಗೆ ‘ಫ್ರೇಮ್’ ಅಥವಾ ಚೌಕಟ್ಟು ಎಂದು ಹೆಸರು. ಕೆಲವೊಮ್ಮೆ ಚೌಕಟ್ಟಿನಲ್ಲಿ ಪುಟ ಮೂಡುವುದಿಲ್ಲ. ಬದಲಿಗೆ, ಭದ್ರತೆಯ ದೃಷ್ಟಿಯಿಂದ ಈ ಪುಟವನ್ನು ಬೇರೆ ತಾಣದೊಳಗೆ ತೋರಿಸಲಾಗದು ಎಂಬ ಅರ್ಥದ ಸೂಚನೆ ಫೈರ್‌ಫಾಕ್ಸ್‌ನಲ್ಲಿ ಕಾಣುತ್ತದೆ. ಕ್ರೋಮ್‌ನಲ್ಲಿ ತಾಣವು ಸಂಪರ್ಕ ನಿರಾಕರಿಸಿತು ಎಂಬ ಒಕ್ಕಣೆ ಬರುತ್ತದೆ. ತಾಣ ಕೆಟ್ಟಿದೆ ಅಥವಾ ಕಂಪ್ಯೂಟರ್‌ಗೆ ವೈರಸ್ ತಗುಲಿದೆ ಎಂದು ಹಲವರು ಭಾವಿಸುವುದುಂಟು. ಸಾಮಾನ್ಯವಾಗಿ ಅದು ತಾಣದ ಮಾಲೀಕರೇ ಹಾಕಿಸಿದ ಬೀಗ.

ಅಪಾಯದ ಸ್ವರೂಪ

ಮೇಲೆ ರಸೀದಿ, ನಡುವೆ ಕಾರ್ಬನ್, ಕೆಳಗೆ ಪ್ರಾಮಿಸರಿ ನೋಟು ಇಟ್ಟು ಸಹಿ ಪಡೆದರೆ ಸಹಿ ಮಾಡಿದವನಿಗೆ ತಾನು ಸಾಲಗಾರನಾದದ್ದು ತಿಳಿಯುವುದಿಲ್ಲ. ಈ ಮೋಸವೂ ಅಂಥದೇ. ವಂಚಕನು ತನ್ನ ಪುಟದಲ್ಲಿ ‘ಬಹುಮಾನ ಪಡೆಯಿರಿ’ ಎಂಬ ಗುಂಡಿಯನ್ನಿಟ್ಟು, ಅದರ ಮೇಲೆ ನೈಜ ತಾಣವೊಂದರ ಪುಟವನ್ನು ಪಾರದರ್ಶಕ ಚೌಕಟ್ಟಿನಲ್ಲಿ ಕಣ್ಣಿಗೆ ಕಾಣದಂತೆ ಹರಡುತ್ತಾನೆ. ಆ ತಾಣದಲ್ಲಿ ಈಗಾಗಲೇ ಲಾಗಿನ್ ಆಗಿರುವ ವರ್ತಕನು ಬಹುಮಾನದ ಗುಂಡಿ ಎಂದು ಒತ್ತಿದ್ದು ವಾಸ್ತವವಾಗಿ ನೈಜ ತಾಣದ ‘ಒಪ್ಪಿಗೆ’ ಗುಂಡಿಯಾಗಿರುತ್ತದೆ. 2008ರಲ್ಲಿ ರಾಬರ್ಟ್ ಹ್ಯಾನ್ಸನ್ ಮತ್ತು ಜೆರೆಮಯ ಗ್ರಾಸ್‌ಮನ್ ಎಂಬ ತಜ್ಞರು ಇದನ್ನು ‘ಕ್ಲಿಕ್‌ಜಾಕಿಂಗ್’ ಎಂದು ಕರೆದರು.

ಪರಿಹಾರದ ಕ್ರಮ

2009ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ‘ಎಕ್ಸ್-ಫ್ರೇಮ್-ಆಪ್ಷನ್ಸ್’ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ತನ್ನ ಪುಟವನ್ನು ಅನ್ಯರ ಚೌಕಟ್ಟಿನಲ್ಲಿ ತೋರಿಸಕೂಡದೆಂದು ತಾಣವು ಆದೇಶ ನೀಡಿದರೆ ಬ್ರೌಸರ್ ಅದನ್ನು ಪಾಲಿಸುತ್ತದೆ. ನಂತರ ಬಂದ ‘ಫ್ರೇಮ್-ಆನ್ಸೆಸ್ಟರ್ಸ್’ ಎಂಬ ಆದೇಶದಿಂದ ಯಾವ ಯಾವ ತಾಣಗಳಿಗೆ ಅನುಮತಿ ಎಂಬುದನ್ನೂ ಪಟ್ಟಿ ಮಾಡಬಹುದಾಗಿದೆ.

ಆದರೆ ಸೂಚನೆ ಬಾರದ ಮಾತ್ರಕ್ಕೆ ಪುಟ ಸುರಕ್ಷಿತವೆಂದು ತಿಳಿಯತಕ್ಕದ್ದಲ್ಲ. ಈ ಬೀಗ ಹಾಕಿಸದ ತಾಣಕ್ಕೆ ಈ ರಕ್ಷಣೆಯಿಲ್ಲ. ನಕಲಿ ಪುಟವಂತೂ ಚೌಕಟ್ಟಿನಲ್ಲಿ ನಿರಾತಂಕವಾಗಿ ತೆರೆಯುತ್ತದೆ. ವಿಳಾಸಪಟ್ಟಿಯಲ್ಲಿ ಕಾಣುವುದು ಹೊರಗಿನ ಪುಟದ ವಿಳಾಸವೇ ಹೊರತು ಒಳಗಿನದ್ದಲ್ಲ.

ಅನುಸರಿಸಬೇಕಾದ ಕ್ರಮಗಳು

1. ಸೂಚನೆ ಬಂದಾಗ ಮೂಲ ತಾಣದ ವಿಳಾಸವನ್ನು ಪ್ರತ್ಯೇಕ ಕಿಟಕಿಯಲ್ಲಿ ಸ್ವತಃ ಟೈಪ್ ಮಾಡಿ ತೆರೆಯುವುದು.

2. ಚೌಕಟ್ಟಿನೊಳಗಿನ ಪುಟದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ನಮೂದಿಸದಿರುವುದು.

3. ಕೆಲಸ ಸುಗಮವಾಗಲೆಂದು ಬ್ರೌಸರ್‌ನ ಭದ್ರತೆಯನ್ನು ಸಡಿಲಿಸುವ ತಂತ್ರಾಂಶಗಳನ್ನು ಕಚೇರಿಯ ಸಿಬ್ಬಂದಿ ಅಳವಡಿಸದಂತೆ ನೋಡಿಕೊಳ್ಳುವುದು.

4. ಬ್ಯಾಂಕ್ ಕೆಲಸ ಮುಗಿದೊಡನೆ ಲಾಗ್‌ಔಟ್ ಮಾಡುವುದು. ಲಾಗಿನ್ ಇಲ್ಲದಿದ್ದರೆ ಮರೆಯ ಗುಂಡಿ ನಿಷ್ಫಲ.

5. ಗ್ರಾಹಕರು ಲಾಗಿನ್ ಆಗುವ ಸ್ವಂತ ಜಾಲತಾಣವಿದ್ದಲ್ಲಿ, ಮೇಲಿನ ಎರಡು ಆದೇಶಗಳನ್ನು ಅಳವಡಿಸಲಾಗಿದೆಯೇ ಎಂದು ತಾಣ ರೂಪಿಸಿದವರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು.

6. ಹಣ ಕಳೆದುಕೊಂಡಲ್ಲಿ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸುವುದು.

ಓದದೆ ಸಹಿ ಮಾಡಬಾರದೆಂಬುದು ವ್ಯಾಪಾರದ ಹಳೆಯ ನಿಯಮ. ಗುಂಡಿ ಒತ್ತುವುದೂ ಇಂದು ಸಹಿಗೆ ಸಮಾನವಾದುದರಿಂದ, ಯಾರ ಪುಟದ ಮೇಲೆ ಒತ್ತುತ್ತಿದ್ದೇವೆಂಬುದನ್ನು ತಿಳಿದೇ ಮುಂದುವರಿಯುವುದು ಕ್ಷೇಮ.